ಆಡು ಮುಟ್ಟದ ಸೊಪ್ಪು

ಮಂಡಈಯ ಹಿಂಬಾಗಿಲಲ್ಲಿ ಹೌಸಾಬಾಯಿ
ಗೋಣಿ ಹಾಸಿ ಕೂರುತ್ತಾಳೆ.
ನಾನು ಆಡುಸೋಗೆ ಅಂದರೆ ಅವಳು ಅಡುಳಸಾ ಅನ್ನುತ್ತಾಳೆ,
ಎಲೆಗೆ ಎರಡೂ ಒಂದೇ ಕಹಿ.
ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ,
ಇದೊಂದನ್ನು ಬಿಟ್ಟು.

ಪಾಷಾಣ ಎನ್ನುವ ಬಡಾವಣೆಯಲ್ಲಿ ನಮ್ಮ ಲ್ಯಾಬು.
ಮದ್ದು ಹುಡುಕುವವರಿಗೆ ಎಂಥ ವಿಳಾಸ!
ಎಲೆ ಕುದಿಸಿ, ಸೋಸಿ, ಸತುವಿನ ಲವಣಕ್ಕೆ
ಹನಿಹನಿ ಬಿಟ್ಟರೆ
ಕಷಾಯ ಮಬ್ಬಾಗುತ್ತದೆ, ತಳದಲ್ಲಿ ಗಸಿ.
ಕುಲುಮೆಯಲ್ಲಿ ನಾನೂರು ಡಿಗ್ರಿ, ಎರಡು ತಾಸು.
ವಿಭೂತಿಯಂಥ ಪುಡಿ,
ಎರಡು ಕಿಲೋ ಎಲೆಗೆ ಉಗುರಿನಷ್ಟು.

ತಟ್ಟೆಯಲ್ಲಿ ಜೀವಕೋಶಗಳ ಒಂದೇ ಪದರ, ನೇರಳೆ ಬಣ್ಣ.
ಚಿಕುನ್‌ಗುನ್ಯಾ ಕೊರೆದಲ್ಲೆಲ್ಲ ಬಿಳಿ ತೂತು.
ಪುಡಿ ಇಲ್ಲದ ಗುಳಿಯಲ್ಲಿ ಎಂಬತ್ತಾರು,
ಪುಡಿ ಇದ್ದಲ್ಲಿ ಒಂಬತ್ತು.
ಮತ್ತೆ ಎಣಿಸಿದೆ. ಒಂಬತ್ತೇ.
ಪಕ್ಕದ್ದರಲ್ಲಿ ಪ್ರಮಾಣ ದುಪ್ಪಟ್ಟು: ಒಂದು ತೂತೂ ಇಲ್ಲ!
ಕುಣಿಯುವಷ್ಟರಲ್ಲಿ ಕಂಡಿತು,
ನೇರಳೆಯೂ ಇಲ್ಲ.
ಕಳ್ಳನ ಜೊತೆ ಮನೆಯವರನ್ನೂ
ಮುಗಿಸಿತ್ತು ನನ್ನ ಮದ್ದು.

ಗುರುವಾರ ಮತ್ತೆ ಮಂಡಈ.
ಹೌಸಾಬಾಯಿ ಚಿಲ್ಲರೆ ಎಣಿಸುತ್ತಾಳೆ,
ಹೋದ ಮಳೆಗಾಲದ ಜ್ವರ ಬಿಟ್ಟುಹೋದ
ಮಡಚಲಾರದ ಬೆರಳುಗಳಲ್ಲಿ.
"ಝಾಲಂ ಕಾ ಔಷಧ, ತಾಈ?"

ಹತ್ತು ವರ್ಷ ಹಿಡಿಯಬಹುದು, ಆಮೇಲೂ ಆಗದಿರಬಹುದು
ಎಂಬುದನ್ನು ನನ್ನ ಮುರುಕು ಮರಾಠಿಯಲ್ಲಿ
ಎಲ್ಲಿಂದ ಶುರುಮಾಡಲಿ.
ಇನ್ನೆರಡು ಕಿಲೋ ಬೇಕು ಅಂದೆ.
ತೂಕವಾದ ಮೇಲೂ
ಒಂದು ಹಿಡಿ ಹೆಚ್ಚಿಗೆ ಹಾಕಿದಳು.