ಲೆಕ್ಕ ತಪ್ಪಿದ್ದು

ಹಕೊದಾತೆಯ ಧಕ್ಕೆಯಲ್ಲಿ, ಹಿಮ ಕಚ್ಚಿದ ಕಟ್ಟೆಯ ಮೇಲೆ ಕೂತು
ಮೂರು ಚಳಿಗಾಲ ಅವನನ್ನು ಹತ್ತಿರಕ್ಕೆ ಎಳೆದುಕೊಂಡೆ,
ಎಪ್ಪತ್ತರಿಂದ ಮುನ್ನೂರಕ್ಕೆ ಜೂಮ್ ತಿರುಗಿಸಿ.
ಹಗ್ಗಕ್ಕೆ ಬೊಂಡಾಸ ಮೀನು ನೇತುಹಾಕುವ ಮುದುಕ;
ಸಮುದ್ರ ಅವನ ಬೆನ್ನಿಗೇ ಅಂಟಿದ ಕಂಬಳಿ.
ತುಟಿ ಸದಾ ಅಲುಗುತ್ತಿತ್ತು.
ಹಾಡಿರಬೇಕು. ಅಲ್ಲ,
ತೀರಿಕೊಂಡ ಹೆಂಡತಿಯೊಡನೆ ಮಾತು –
ಪಟದ ಹಿಂದೆ ಹಾಗೇ ಬರೆದೂಬಿಟ್ಟೆ.

ಈ ಫೆಬ್ರವರಿ, ಉಪ್ಪುಗಾಳಿಗೆ, ಜೂಮಿನ ಉಂಗುರ ಕಚ್ಚಿಕೊಂಡಿತು.
ರಿಪೇರಿಯ ಒಕಾಬೆ ಎರಡು ವಾರ ಅಂದ.
ಉಳಿದದ್ದು ಮೂವತ್ತೈದರ ಪ್ರೈಮ್,
ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಮೋಟು.
ಅದಕ್ಕೆ ಎಳೆಯಲು ಬಾರದು.
ಕಾಲೇ ಹೋಗಬೇಕು.

ಹೋದೆ. ಎಂಬತ್ತು ಹೆಜ್ಜೆ, ನಡುವೆ ಎರಡು ಸಲ ಜಾರಿ.
ಮೊದಲು ಸಿಕ್ಕಿದ್ದು ವಾಸನೆ, ಆಮೇಲೆ ದನಿ:
"ನೂರ ಹನ್ನೆರಡು, ನೂರ ಹದಿಮೂರು..."
ಬೂಟಿನ ಸದ್ದಿಗೆ ತಿರುಗಿದ.
"ಛೆ, ಲೆಕ್ಕ ತಪ್ಪಿಸಿದಿರಲ್ಲ ತಾಯಿ!"

ಹೆಂಡತಿ ಉಮೆಯೊ ಅಲ್ಲೇ ಇದ್ದಳು, ಚಾಕು ಮಸೆಯುತ್ತ,
ಮೂರು ವರ್ಷವೂ ನನ್ನ ಚೌಕಟ್ಟಿಗೆ ಒಂದು ಮೊಳ ಆಚೆ.

ಮೂವತ್ತೈದರಲ್ಲಿ ಇಬ್ಬರೂ ಹಿಡಿಸುತ್ತಾರೆ.
ಆದರೆ ನೆಟ್ಟಗೆ ನಿಂತುಬಿಟ್ಟಿದ್ದಾರೆ, ಕಾಲರು ಸರಿಮಾಡಿಕೊಂಡು.
ಕ್ಯಾಮೆರಾ ಇಳಿಸಿದೆ.
ಅವನು ಮತ್ತೆ ಒಂದರಿಂದ ಶುರು ಮಾಡಿದ.

ಒಕಾಬೆ ಫೋನು ಮಾಡಿದ್ದ, ಸರಿಯಾಗಿದೆಯಂತೆ.
ಇನ್ನೂ ಹೋಗಿಲ್ಲ.