ತೂತಿಲ್ಲದ ಟ್ಯೂಬು

ಕೊಪ್ಪದ ತಿರುವಿನಲ್ಲಿ ನನ್ನ ಅಂಗಡಿ.
ಹಲಗೆಯ ಮೇಲೆ ಬರೆಸಿದ್ದು ಪಂಚರ್ ಅಂತ,
ಮಾರುವುದು ಹೆಚ್ಚಾಗಿ ಗಾಳಿ.
ಸೈಕಲ್ಲಿಗೆ ಐದು, ಟ್ರಾಕ್ಟರಿಗೆ ಮೂವತ್ತು.
ಗಾಳಿಗೂ ದುಡ್ಡೇನಯ್ಯಾ ಅಂದವರಿಗೆ
ಕೆಲಸ ಕಲಿಸಿದ ದಸ್ತಗೀರ್ ಸಾಬರು ಅನ್ನುತ್ತಿದ್ದರು:
‘ಗಾಳಿಗಲ್ಲ ಸ್ವಾಮಿ, ಅದನ್ನ ಒಪ್ಪಿಸಿದ್ದಕ್ಕೆ.’

ಸುಲಭಕ್ಕೆ ಒಪ್ಪುವುದಿಲ್ಲ ಅದು.
ಬಯಲಲ್ಲಿ ಅಡ್ಡಾಡಿಕೊಂಡಿದ್ದುದನ್ನು
ಪಿಸ್ಟನ್ನು ದಬ್ಬಿ ದಬ್ಬಿ
ಕಬ್ಬಿಣದ ಹೊಟ್ಟೆಗೆ ತುರುಕುವಾಗ ಸಿಟ್ಟಿಗೇಳುತ್ತದೆ.
ಆ ತಾಮ್ರದ ಪೈಪು ಮುಟ್ಟಿ ನೋಡಿ,
ಬೆರಳು ಚುರ್ ಅನ್ನುತ್ತದೆ.
ಒಳಗೆ ಬೆಂಕಿಯಿಲ್ಲ, ಕಿಡಿಯಿಲ್ಲ,
ಇರುವುದು ಬರೀ ಇಕ್ಕಟ್ಟು.
ಸಂತೆ ದಿನ ಮಳವಳ್ಳಿ ಬಸ್ಸು ಹತ್ತಿದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಟ್ಟರೆ ಉಲ್ಟಾ.
ಕಬ್ಬಿನ ಲಾರಿಯ ಚಕ್ರದಿಂದ ಸೂಜಿ ತೆಗೆದಾಗ
ಭುಸ್ಸೆಂದು ನುಗ್ಗಿ ಬಂದದ್ದು
ಏಪ್ರಿಲ್ ಮಧ್ಯಾಹ್ನದಲ್ಲೂ ಅಂಗೈಗೆ ತಣ್ಣಗೆ.
ಹಿತ್ತಾಳೆ ಮೂತಿಯ ಮೇಲೆ ಬೆವರು.
ಓಡಿಹೋಗುವ ಅವಸರಕ್ಕೆ
ತನ್ನ ಬಿಸಿಯನ್ನೇ ಖರ್ಚು ಮಾಡಿಕೊಳ್ಳುತ್ತದೆ.

ಸಂಜೆ ಬಾಗಿಲು ಎಳೆಯುವ ಮುಂಚೆ
ಟ್ಯಾಂಕಿನ ತಳದ ನಲ್ಲಿ ತಿರುಗಿಸಿದರೆ
ನೀರು. ತುಕ್ಕಿನ ಬಣ್ಣ, ಎಣ್ಣೆಯ ನಾತ, ಒಂದು ಚೊಂಬಿನಷ್ಟು.
ಯಾರೂ ಹೊಯ್ದದ್ದಲ್ಲ.
ಹಿಂದಿನ ಗದ್ದೆಯ ಕಬ್ಬು ಉಸಿರಾಗಿ ಬಿಟ್ಟದ್ದು,
ನಾಲೆಯಿಂದ ಎದ್ದದ್ದು,
ಪುಟ್ಟಮಾದಣ್ಣನ ಹೋಟೆಲಿನ ತಟ್ಟೆ ಇಡ್ಲಿಯ
ಹಬೆಯಿಂದ ತಪ್ಪಿಸಿಕೊಂಡದ್ದು.
ಒದ್ದೆ ಪಂಚೆ ಹಿಂಡಿದ ಹಾಗೆ
ಗಾಳಿ ಹಿಂಡಿದ್ದಕ್ಕೆ ಬಿತ್ತು.
ನಾಲೆ ನಿಲ್ಲಿಸಿದ ತಿಂಗಳು ಅರ್ಧ ಚೊಂಬೂ ಇಲ್ಲ.
ನೀರಾವರಿ ಇಲಾಖೆಯ ನೋಟೀಸಿಗಿಂತ ಮೊದಲು
ನನ್ನ ಟ್ಯಾಂಕಿಗೆ ಗೊತ್ತಿರುತ್ತದೆ.

ಪರವೂರ ಗಾಳಿಯೂ ಬರುತ್ತದೆ ಇಲ್ಲಿಗೆ.
ಸಿಂಧನೂರಲ್ಲಿ ತುಂಬಿದ್ದು, ಹೊಸೂರಲ್ಲಿ ತುಂಬಿದ್ದು.
ಶುರುವಿನಲ್ಲಿ ಮೂಸಿ ನೋಡುತ್ತಿದ್ದೆ.
ಎಲ್ಲ ಊರೂ ರಬ್ಬರೇ.

ಮೊನ್ನೆ ಕೆಂಪಾಜಮ್ಮ ಸೈಕಲ್ ತಳ್ಳಿಕೊಂಡು ಬಂದರು.
ಡೈರಿಗೆ ಹಾಲು ಹೊರುತ್ತಿದ್ದ ಸೈಕಲ್ಲು,
ಕ್ಯಾರಿಯರ್ ಮೇಲೆ ಕ್ಯಾನು ಕೂತ ದುಂಡನೆ ಗುರುತು.
‘ತೂತು ಹುಡುಕ್ಲಾ ಮಗ.
ಯಾರೂ ತುಳಿದಿಲ್ಲ, ಒರಗಿಸಿದ್ದು ಒರಗಿಸಿದಂಗೇ ಇತ್ತು.
ಹಿಂದ್ಲ ಚಕ್ರ ಕುಂತೋಗದೆ.’

ವಾಲ್‌ಟ್ಯೂಬಿಗೆ ಎಂಜಲು ಹಚ್ಚಿದೆ. ಗುಳ್ಳೆಯಿಲ್ಲ.
ತಳದಲ್ಲಿ ಉಳಿದಿದ್ದ ಚೂರುಪಾರು ಗಾಳಿ ಬಿಟ್ಟು,
ಟ್ಯೂಬು ಬಿಚ್ಚಿ, ಊದಿಸಿ,
ನೀರಿನ ಬಾಣಲೆಯಲ್ಲಿ ಗೇಣು ಗೇಣು ಅದ್ದಿದೆ.
ಮೂರು ಸುತ್ತು.
ಬಾಣಲೆಯಲ್ಲಿ ಕಂಡದ್ದು ನಮ್ಮಿಬ್ಬರ ಮುಖ ಅಷ್ಟೆ.

‘ತೂತಿಲ್ಲ ಕಣವ್ವ.
ರಬ್ಬರಿನ ಗುಣವೇ ಹಂಗೆ. ಕಣ್ಣಿಗೆ ಕಾಣದ ಸಂದು,
ಹಗಲೂ ರಾತ್ರಿ ಒಂದೊಂದೇ ನುಸುಳಿ ಹೋಗುತ್ತೆ.
ಯಾರು ಹೊಡೆದಿದ್ದು ಗಾಳಿ?’

‘ಅವರೇಯ. ದೀಪಾವಳಿ ಹಿಂದಿನ ಜಿನ.
ಕೈಪಂಪಲ್ಲಿ. ಎಣಿಸ್ಕೊಂಡು ಹೊಡೀತಿದ್ರು, ನಲವತ್ತು.’

ಆ ಕಾರ್ತೀಕದಲ್ಲೇ ಚಿಕ್ಕಬೋರಯ್ಯ ಹೋದದ್ದು.
ನನ್ನ ಕೈ ಬಾಣಲೆಯಲ್ಲೇ ಇತ್ತು.
ನಲವತ್ತರಲ್ಲಿ ಮಿಕ್ಕಿದ್ದ ಒಂದೋ ಎರಡೋ
ಈಗ ತಾನೇ ಉಸ್ಸೆನ್ನಿಸಿ ಕಳಿಸಿದವನು ನಾನು.

ಸುಮ್ಮನಿರಲಾರದೆ ಕೇಳಿದೆ,
ಸೈಕಲ್ಲು ಇಷ್ಟು ದಿನ ಎಲ್ಲಿತ್ತು?
‘ಪಡಸಾಲೇಲಿ. ನಾ ಮಲಗೋ ತಾವ.’

ಬಾಯಿಗೆ ಬಂದ ಮಾತು ನುಂಗಿದೆ.
ಬಾಗಿಲು ಹಾಕಿದ ಪಡಸಾಲೆ, ಚಳಿಗಾಲ,
ಹೋಗಿದ್ದರೂ ಅದು ಎಷ್ಟು ದೂರ ಹೋಗಿದ್ದೀತು.
ಲೆಕ್ಕ ಅವರೇ ಹಾಕಿಕೊಂಡರೋ ಏನೋ,
ಹೊಸ ಗಾಳಿ ತುಂಬುವಾಗ
ಸೆರಗು ಮೂಗಿಗೆ ಹಿಡಿದು ಆ ಕಡೆ ನೋಡುತ್ತ ನಿಂತರು.

ದುಡ್ಡು ಬೇಡ ಅಂದೆ. ಕೇಳಲಿಲ್ಲ.
ಐದರ ಬಿಲ್ಲೆಯನ್ನು ಟ್ಯಾಂಕಿನ ಮೇಲಿಟ್ಟು
ಸೈಕಲ್ ತಳ್ಳಿಕೊಂಡೇ ಹೊರಟರು,
ಹತ್ತಲು ಬರುವುದಿಲ್ಲ ಅವರಿಗೆ.

ಒತ್ತಡ ಇಳಿದಿತ್ತು. ಕಂಪ್ರೆಸರ್ ತಾನಾಗೇ ಶುರುವಾಯಿತು.
ಬಿಲ್ಲೆ ಗಡಗಡ ನಡುಗುತ್ತ
ಅಂಚಿನ ಕಡೆ ಸರಿಯತೊಡಗಿತು.