ಸೀಮೆಸುಣ್ಣದ ಲೆಕ್ಕ

ಕೌಲ್‌ಬಜಾರಿನ ಬಾಗಿಲುಗಳ ಮೇಲೆ
ನನ್ನ ಕೈಬರಹ ಇದೆ.
ಎಡಕ್ಕೆ ತಾರೀಖು. ಬಲಕ್ಕೊಂದು ಗೆರೆ:
ಗೆರೆಯ ಕೆಳಗೆ ನಾನು ನೋಡಿದ ಪಾತ್ರೆಗಳು,
ಮೇಲೆ, ಹುಳ ಸಿಕ್ಕವು.
ಓಣಿಯ ಹುಡುಗರು ಅದಕ್ಕೆ ಮೀಸೆ ಬರೆಯುತ್ತಾರೆ.

ಏಳು ಗಂಟೆಗೆ ಹೊನ್ನೂರಪ್ಪನ ಬಂಡಿ.
ಬಾಣಲೆಯ ಎಣ್ಣೆ ನಿನ್ನೆಯದೋ ಮೊನ್ನೆಯದೋ,
ಕಾಡಿಗೆಯ ಬಣ್ಣ.
"ಬಣ್ಣ ಬಿಡ್ರಿ ಮೇಡಂ, ರುಚಿ ನೋಡ್ರಿ,"
ಪೇಪರಿನ ಚೂರಿನಲ್ಲಿ ಎರಡು ಮಿರ್ಚಿ.
ತಿಂದರೆ ಲಂಚ, ಬಿಟ್ಟರೆ ಸೊಕ್ಕು.
ನೋಟೀಸು ಬರೆದು ಕೊಟ್ಟೆ.
ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಓದಿದ,
ಲಗ್ನಪತ್ರಿಕೆ ಓದಿದಂತೆ,
ಆಮೇಲೆ ನನ್ನೆದುರೇ ಎಣ್ಣೆಯನ್ನು ಮೋರಿಗೆ ಸುರಿದ.
ಮೋರಿ ಎಲ್ಲಿಗೆ ಹೋಗುತ್ತದೆ
ಎಂಬ ಕಾಲಂ ನನ್ನ ಫಾರಮ್ಮಿನಲ್ಲಿಲ್ಲ.

ಒಳಗಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಕೋಣೆ.
ನಾಲ್ಕು ಮಷೀನು, ಆರು ಜನ.
"ಕಿಟಕಿ ಎಲ್ಲಿ?"
ಹುಡುಗನೊಬ್ಬ ಕ್ಯಾಲೆಂಡರ್ ಸರಿಸಿ ತೋರಿಸಿದ:
ಚೌಕಟ್ಟು ಇತ್ತು, ಅದರೊಳಗೆ ಪಕ್ಕದ ಮನೆಯ ಇಟ್ಟಿಗೆ.
ಅವನ ಉಗುರು ನೀಲಿ, ಕಿವಿಯ ಕೂದಲೂ ನೀಲಿ.
ಗಾಳಿ ಬೆಳಕು: ಇಲ್ಲ, ಎಂದು ಬರೆದೆ.
ಪೆನ್ನಿನ ಶಾಯಿಯೂ ಅದೇ.

ಹದಿನೇಳನೆಯ ಮನೆ ಸುಂಕಮ್ಮನದು.
ಎರಡು ಡ್ರಮ್ಮು, ಒಂದು ಹಂಡೆ, ಕಲ್ಲುಬಾನಿ,
ಮಂಚದ ಕೆಳಗೂ ಕೊಡಗಳು.
ಟಾರ್ಚು ಬಿಟ್ಟೆ.
ಒಂದು ಡ್ರಮ್ಮಿನಲ್ಲಿ ಕೊಂಕಿ ಕೊಂಕಿ ಆಡುತ್ತಿದ್ದವು
ಅಲ್ಪವಿರಾಮಗಳ ಹಾಗೆ;
ಬೆಳಕು ಬಿದ್ದೊಡನೆ ತಳಕ್ಕಿಳಿದವು.

"ಚೆಲ್ಲಿ" ಎಂದೆ.
ಹನ್ನೊಂದು ವರ್ಷದಿಂದ ಅದೇ ಮಾತು.
ಅವಳು ಕೊಡ ಒರೆಸುತ್ತಲೇ ಇದ್ದಳು.
"ನಳ ಬಂದು ಒಂಬತ್ತು ದಿನ ಆತು.
ರಾತ್ರಿ ಎರಡೂವರಿಗೆ ಬಂತು, ಮೊಮ್ಮಗಳ್ನ ಎಬ್ಬಿಸಿ ಹಿಡದೀನಿ.
ನೀವ ಚೆಲ್ರಿ.
ನನ್ನ ಕೈಲಿ ಆಗಂಗಿಲ್ಲ."

ಡ್ರಮ್ಮಿನ ಅಂಚು ಹಿಡಿದೆ. ಅಲುಗಲಿಲ್ಲ.
ಒಂಬತ್ತು ದಿನದ ಭಾರ ಎಂದರೆ ಚೆಂದ ಕೇಳುತ್ತದೆ, ಬೇಡ.
ಇನ್ನೂರು ಲೀಟರಿನದು, ಮುಕ್ಕಾಲು ತುಂಬಿತ್ತು.

"ಹಳೇ ಸೀರಿ ಐತೇನಮ್ಮಾ?"
ನಾಲ್ಕು ಮಡಿಕೆ ಮಾಡಿ ಬಾನಿಯ ಬಾಯಿಗೆ ಕಟ್ಟಿದೆವು.
ಅವಳು ಮೊಗೆದಳು, ನಾನು ಹಿಡಿದೆ,
ತಳ ಕಂಡಾಗ ಡ್ರಮ್ಮಿನ ಒಳಮೈಯನ್ನು
ತೆಂಗಿನ ನಾರಿನಿಂದ ಉಜ್ಜಿದೆ, ಮೊಣಕೈ ಸುಲಿಯುವ ತನಕ.
ಸೀರೆಯನ್ನು ಅಂಗಳದ ಬಂಡೆಗೆ ಕೊಡವಿದೆವು;
ಉಳಿದದ್ದನ್ನು ಬಳ್ಳಾರಿಯ ಬಿಸಿಲು ನೋಡಿಕೊಂಡಿತು.

ಅಷ್ಟರಲ್ಲಿ ಆಫೀಸಿನಿಂದ ಫೋನು:
"ಎಷ್ಟು ಮನೆ ಆತ್ರಿ?"
ಹದಿನೇಳು.
"ಬರೇ ಹದಿನೇಳಾ? ಸಂಜಿಗೆ ಐವತ್ತು ಕಳಿಸ್ಬೇಕು."

ಬಾಗಿಲಿಗೆ ಬರೆಯಹೋದೆ.
ಗೆರೆಯ ಮೇಲೆ ಒಂದೋ, ಸೊನ್ನೆಯೋ?
ಬೆರಳು ಒದ್ದೆ, ಸೀಮೆಸುಣ್ಣ ಹಿಟ್ಟಾಯಿತು.
ಸುಂಕಮ್ಮ ಹಿಂದೆಯೇ ನಿಂತಿದ್ದಳು.
"ಅದೆಲ್ಲ ನನಗ ಓದಾಕ ಬರಂಗಿಲ್ಲ.
ಮುಂದಿನ ನಳ ಯಾವತ್ತು, ಅದೊಂದು ಬರದ್ ಹೋಗ್ರಿ.
ಮೊಮ್ಮಗಳು ಓದ್ತಾಳ."

ಹದಿನೆಂಟನೆಯ ಮನೆಯ ನಾಯಿ
ಆಗಲೇ ಬೊಗಳುತ್ತಿತ್ತು.